ಯಾರದೋ ಅಟ್ಟದ ಮೇಲಿನ ರಂಗೋಲಿ

ಹೊಳಲ್ಕೆರೆಯ ಮೇಗಲ ಬೀದಿಯಲ್ಲಿ ಮಲ್ಲಕ್ಕನ ಮನೆಗೆ ಬೆಳಗಾಗಬೇಕಾದರೆ ಇಬ್ಬರು ಹೆಂಗಸರು ಏಳಬೇಕಿತ್ತು. ಮೊದಲು ಸೊಸೆ ಯಶೋಧಾ. ಅವಳು ಕಡ್ಡಿ ಪೊರಕೆ ಹಿಡಿದು ನಿನ್ನೆಯ ರಂಗೋಲಿ ಗುಡಿಸಿ, ಸಗಣಿ ನೀರು ಹಾಕಿ, ನೆಲ ಹದ ಮಾಡಿಟ್ಟು ಒಳಗೆ ಹೋಗುವಳು. ಆಮೇಲೆ ಅತ್ತೆ. ಮಲ್ಲಕ್ಕ ಹಿತ್ತಾಳೆ ಡಬ್ಬಿ ಹಿಡಿದು ಬಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಾಗಿ ಚುಕ್ಕಿ ಇಡಲು ಶುರುಮಾಡಿದಳೆಂದರೆ ಹಾಲು ಹಾಕುವ ಕಾಟಪ್ಪ ಕೂಡ ಸೈಕಲ್ಲಿನ ಗಂಟೆ ಬಾರಿಸದೆ ಬೇಲಿಯ ಹತ್ತಿರ ಕಾಯುತ್ತಿದ್ದ. ಗುಡಿಸುವುದು ಸೊಸೆಯದು, ಬಿಡಿಸುವುದು ಅತ್ತೆಯದು. ಯಶೋಧಾ ಭರಮಸಾಗರದಿಂದ ಮದುವೆಯಾಗಿ ಬಂದ ಮರುದಿನದಿಂದ ಇಪ್ಪತ್ನಾಲ್ಕು ವರ್ಷ ಈ ಕಟ್ಟಳೆ ಹೀಗೇ ನಡೆದಿತ್ತು. ಮಲ್ಲಕ್ಕ ಮತ್ತೋಡಿನ ಮಗಳ ಮನೆಗೆ ಹೋದ ದಿನಗಳಲ್ಲೂ ಸೊಸೆ ಹೊಸ್ತಿಲಿಗೆ ಎರಡೆಳೆ ಎಳೆದು ಸುಮ್ಮನಾಗಬೇಕಿತ್ತು.

ಮೊಮ್ಮಗಳು ಸ್ವಾತಿಗೆ ಇವೆರಡೂ ಕೆಲಸ ಇರಲಿಲ್ಲ. ಅವಳು ಹೊದಿಕೆಯಲ್ಲಿ ಸುತ್ತಿಕೊಂಡು ಜಗುಲಿಯ ಮೇಲೆ ಕೂತು ಕಥೆ ಕೇಳುವವಳು. ಮಲ್ಲಕ್ಕನ ಒಂದೊಂದು ರಂಗೋಲಿಗೂ ಒಂದೊಂದು ಕಥೆ ಇತ್ತು. ಏಳು ಜನ ಅಕ್ಕತಂಗಿಯರು ಒಂದೇ ಸೀರೆ ಉಟ್ಟು ನೀರಿಗೆ ಹೋದದ್ದು, ಹಾವು ತನ್ನ ಮನೆ ಮರೆತು ಬಸವನಹುಳುವಿನ ಚಿಪ್ಪಿನೊಳಗೆ ಮಲಗಿದ್ದು, ಇಂಥವು. ಕೈ ಎತ್ತದೆ ಎಳೆಯುವ ಎಳೆ ರಂಗೋಲಿ ಮುಗಿಯುವುದಕ್ಕೂ ಕಥೆ ಮುಗಿಯುವುದಕ್ಕೂ ಸರಿಹೋಗುತ್ತಿತ್ತು. ಬಿ.ಎ. ಎರಡನೇ ವರ್ಷಕ್ಕೆ ಬರುವ ಹೊತ್ತಿಗೆ ಸ್ವಾತಿಗೆ ಕಥೆಗಳೆಲ್ಲ ಬಾಯಿಗೆ ಬರುತ್ತಿದ್ದವು. ಎಳೆ ಎಳೆಯಲು ಕೂತರೆ ಮಾತ್ರ ಎಲ್ಲಿಂದ ಹೊರಟೆ, ಎಲ್ಲಿಗೆ ಹೋಗಬೇಕು ಎಂಬುದು ಕನಸಿನ ಹಾಗೆ ಜಾರಿಹೋಗುತ್ತಿತ್ತು.

ಅವಳು ಮಾಡಿದ ಒಂದು ಕೆಲಸವೆಂದರೆ ಫೋಟೋ ತೆಗೆದದ್ದು. ಎರಡು ಸಾವಿರದ ಆರರ ಡಿಸೆಂಬರಿನಲ್ಲಿ ಕರೆಂಟ್ ಆಫೀಸಿನಲ್ಲಿ ಗುಮಾಸ್ತನಾಗಿದ್ದ ಅಪ್ಪ ಲಕ್ಷ್ಮೀಕಾಂತ ಕ್ಯಾಮೆರಾ ಇರುವ ಮೊಬೈಲು ತಂದ. ಆವತ್ತಿನಿಂದ ದಿನಾ ಬೆಳಿಗ್ಗೆ ಒಂದು ಫೋಟೋ. ಮೊಬೈಲಿನ ಹೊಟ್ಟೆ ಸಣ್ಣದು, ಹತ್ತಿಪ್ಪತ್ತು ಫೋಟೋಗೆ ತುಂಬಿಬಿಡುತ್ತಿತ್ತು. ಅದಕ್ಕೆ ಶನಿವಾರಕ್ಕೊಮ್ಮೆ ಬಸ್‌ಸ್ಟ್ಯಾಂಡ್ ರಸ್ತೆಯ ಶಾಹಿದನ ಸೈಬರ್ ಸೆಂಟರಿಗೆ ಹೋಗಿ, ಹೊರದೇಶದವರು ಪುಕ್ಕಟೆಯಾಗಿ ನಡೆಸುತ್ತಿದ್ದ ಒಂದು ಫೋಟೋ ತಾಣಕ್ಕೆ ಏರಿಸಿ, ಮೊಬೈಲು ಖಾಲಿ ಮಾಡಿಕೊಂಡು ಬರುವಳು. ಯಾವುದೋ ದೇಶದ ಹೆಣ್ಣುಮಗಳೊಬ್ಬಳು ಅದನ್ನು ನೋಡಿ ‘ನಾಳೆಯದು ಯಾವುದು?’ ಎಂದು ಇಂಗ್ಲಿಷಿನಲ್ಲಿ ಕೇಳುತ್ತಿದ್ದಳು.

“ನಾಳೇದು ನನಗೇ ಗೊತ್ತಿಲ್ಲ, ಅವಳಿಗೆ ಹೆಂಗೆ ಹೇಳ್ಲಿ?” ಎನ್ನುತ್ತಿದ್ದಳು ಮಲ್ಲಕ್ಕ. ಆದರೂ ಮಾರನೆಯ ದಿನ ಎರಡು ಸುತ್ತು ಹೆಚ್ಚಿಗೆ ಎಳೆಯುವಳು.

ಎರಡು ಸಾವಿರದ ಒಂಬತ್ತರ ಆಷಾಢದ ಒಂದು ಬೆಳಿಗ್ಗೆ, ಇನ್ನೂ ಮೂರನೇ ಸಾಲಿನ ಚುಕ್ಕಿ ಇಡುವಾಗಲೇ ಮಲ್ಲಕ್ಕನ ಬಲಗೈ ಜೋತುಬಿತ್ತು. ಲಕ್ವ. ಚಿತ್ರದುರ್ಗದ ಆಸ್ಪತ್ರೆಯಲ್ಲಿ ಹನ್ನೆರಡು ದಿನ ಇದ್ದು ಮನೆಗೆ ಬಂದಳು. ಮಾತು ತೊದಲಾದರೂ ಬಂತು, ಗೋಡೆ ಹಿಡಿದು ನಾಲ್ಕು ಹೆಜ್ಜೆ ನಡೆದಳು, ಕೈ ಮಾತ್ರ ಬರಲಿಲ್ಲ.

ಅಂಗಳ ಬರಿದಾಯಿತು. ಯಶೋಧಾ ಎಂದಿನಂತೆ ಎದ್ದು ಗುಡಿಸುವಳು, ನೀರು ಹಾಕುವಳು, ಅಷ್ಟೆ. ರಂಗೋಲಿ ಇಲ್ಲದ ಬಾಗಿಲೆಂದರೆ ಸೂತಕದ ಮನೆ. ಎದುರುಮನೆಯ ಹುಲಿಗೆಮ್ಮ ಮೊಸರು ಕೇಳುವ ನೆಪದಲ್ಲಿ ಬಂದು ಒಳಗೆ ಇಣುಕಿದಳು.

“ಮಲ್ಲಕ್ಕ ಹೆಂಗವಳೆ? ಬಾಗ್ಲು ನೋಡಿ ಎದೆ ಧಸಕ್ಕಂತು ಕಣಮ್ಮ.”

“ಅವರೆ ಬಾ, ಮಾತಾಡ್ಸು,” ಎಂದಳು ಯಶೋಧಾ ಮುಖ ಗಂಟಿಕ್ಕಿ.

ಲಕ್ಷ್ಮೀಕಾಂತ ಅವತ್ತು ಸಂಜೆ ಅಂಗಡಿಯಿಂದ ಪ್ಲಾಸ್ಟಿಕ್ಕಿನ ಅಂಟಿಸುವ ರಂಗೋಲಿ ತಂದ. ಮಲ್ಲಕ್ಕ ಅದನ್ನು ನೋಡಿದ್ದೇ ತಡ, ಎಡಗೈಯಲ್ಲಿ ಕಿತ್ತು ಮಂಚದ ಕೆಳಗೆ ಎಸೆದಳು.

“ನಾನು ಸತ್ತಮ್ಯಾಲೆ ಅಂಟಿಸ್ಕಳ್ರಿ.”

“ಹಂಗಾದ್ರೆ ನಾನು ಹಾಕ್ಲಾ ಅತ್ತೆ?” ಯಶೋಧಾ ಅಡಿಗೆಮನೆಯ ಬಾಗಿಲಲ್ಲಿ ನಿಂತು ಕೇಳಿದಳು.

“ನಿಮ್ಮ ಭರಮಸಾಗರದೋರು ಬರೀ ಹೂವು, ಬಳ್ಳಿ. ಈ ಬಾಗ್ಲಿಗೆ ನಮ್ಮತ್ತೆ ಕಾಲದಿಂದ ಎಳೆ ಬಿದ್ದೈತೆ. ಸ್ವಾತಿ ಕಲೀತಾಳೆ. ಪೋಟ ಅವೆಯಲ್ಲ, ನೋಡ್ಕಂಡು ಕಲೀಲಿ. ಅವಳ ಕೈ ಕೂರೋವರ್ಗೂ ಬಾಗ್ಲು ಹಂಗೇ ಇರ್ಲಿ.”

ಯಶೋಧಾಳ ಕೈಯಲ್ಲಿದ್ದ ಸೌಟು ಸಾರಿನ ಪಾತ್ರೆಗೆ ಠಣ್ಣನೆ ಬಡಿಯಿತು. “ಇಪ್ಪತ್ನಾಲ್ಕು ವರ್ಷ ಸಗಣಿ ನೀರು ಹಾಕಿದೀನಿ. ಅದಕ್ಕೆ ಮಾತ್ರ ಭರಮಸಾಗರದ ಕೈ ಆಗುತ್ತೆ!”

ಆವತ್ತಿನ ಉಪ್ಪೆಸರಿಗೆ ಉಪ್ಪು ಜಾಸ್ತಿಯಾಗಿದ್ದರೂ ಎಲ್ಲರೂ ಸದ್ದಿಲ್ಲದೆ ಉಂಡರು.

ಗಣೇಶನ ಹಬ್ಬ ಮುಗಿದ ವಾರಕ್ಕೆ, ಅಜ್ಜಿ ಹೇಳಿದಂತೆ ಕಲಿಯೋಣವೆಂದು ಸ್ವಾತಿ ಸೈಬರಿಗೆ ಹೋದಳು. ತಾಣ ತೆರೆದ ಕೂಡಲೇ ಮೇಲೊಂದು ಹಳದಿ ಪಟ್ಟಿ. ‘ನಮ್ಮ ನಿಯಮಗಳು ಬದಲಾಗಿವೆ.’ ಹಣ ಕಟ್ಟದವರಿಗೆ ಇನ್ನು ಇನ್ನೂರು ಚಿತ್ರ ಮಾತ್ರ. ಅದಕ್ಕೆ ಮೇಲ್ಪಟ್ಟವನ್ನು, ಹಳೆಯದರಿಂದ ಹಿಡಿದು, ಸೆಪ್ಟೆಂಬರ್ ಇಪ್ಪತ್ತೇಳಕ್ಕೆ ಅಳಿಸಲಾಗುವುದು. ಅದು ಆಯುಧಪೂಜೆಯ ದಿನ.

ರಾತ್ರಿ ಊಟಕ್ಕೆ ಕೂತಾಗ ಹೇಳಿದಳು.

“ಅಂದ್ರೆ ಏನಾತೀಗ?” ಲಕ್ಷ್ಮೀಕಾಂತ ಮುದ್ದೆ ಮುರಿಯುತ್ತ ಕೇಳಿದ.

“ನಮ್ಮವು ಒಂಬೈನೂರ ಹನ್ನೆರಡು ಅವೆ ಅಪ್ಪ. ಏಳುನೂರು ಹೋಗ್ತವೆ.”

“ಕಟ್ಟಾಣ ಬಿಡು. ಎಷ್ಟಂತೆ?”

“ವರ್ಷಕ್ಕೆ ಇಪ್ಪತ್ತೈದು ಡಾಲರ್. ಅದೂ ಕ್ರೆಡಿಟ್ ಕಾರ್ಡಲ್ಲೇ ಕಟ್ಬೇಕು.”

“ನನ್ನ ಹತ್ರ ಕಾರ್ಡ್ ಐತಲ್ಲ, ಸಂಬಳದ್ದು.”

“ಅದು ಎಟಿಎಂ ಕಾರ್ಡು, ಅದು ಅಲ್ಲಿ ನಡೆಯಲ್ಲ,” ಎಂದ ಅಣ್ಣ ಮಾರುತೇಶ. ಅವನು ಚಿತ್ರದುರ್ಗದಲ್ಲಿ ಪಾಲಿಟೆಕ್ನಿಕ್ ಕೊನೆಯ ವರ್ಷದಲ್ಲಿದ್ದ, ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದ. ಕಂಪ್ಯೂಟರ್ ವಿಷಯ ಬಂದರೆ ಮನೆಯಲ್ಲಿ ಅವನದೇ ಕೊನೆ ಮಾತು.

“ಮನಿಯಾರ್ಡರ್ ಮಾಡ್ರಿ,” ಎಂದಳು ಮಂಚದಿಂದ ಮಲ್ಲಕ್ಕ. ಆಮೇಲೆ ಕೇಳಿದಳು, “ಅಲ್ಲ, ಇಷ್ಟು ದಿನ ಪುಕ್ಸಟ್ಟೆ ಯಾಕೆ ಇಟ್ಕಂಡಿದ್ರಂತೆ?”

“ಫ್ರೀ ಇತ್ತು ಅಜ್ಜಿ.”

“ಯಾರದೋ ಅಟ್ಟದ ಮ್ಯಾಲೆ ನಮ್ಮ ಸಾಮಾನು ಇಟ್ಟು ಬಂದಿದ್ದೆ ಅನ್ನು. ಮನೆಯೋರು ಅಟ್ಟ ಖಾಲಿ ಮಾಡ್ರಿ ಅಂತಾವರೆ. ತಪ್ಪೇನೈತೆ? ಹೋಗಿ ಇಳಿಸ್ಕಂಡು ಬಾ.”

ಇಳಿಸಿಕೊಂಡು ಬರುವುದು ಹೇಳಿದಷ್ಟು ಸುಲಭವಿರಲಿಲ್ಲ. ಶಾಹಿದ ಮೌಸು ಹಿಡಿದು ಎಲ್ಲ ಕಡೆ ಒತ್ತಿ ನೋಡಿದ. “ಎಲ್ಲಾ ಒಟ್ಟಿಗೆ ಇಳಿಸೋದು ದುಡ್ಡು ಕಟ್ಟಿದೋರಿಗೆ ಮಾತ್ರ ಇಟ್ಟವರೆ ನೋಡಮ್ಮ. ನಾವು ಒಂದೊಂದೇ ತೆಗೀಬೇಕು. ಕುಂತ್ಕ, ಆ ಮೂಲೆ ಸಿಸ್ಟಮ್ ನಿಂದೇ. ಗಂಟೆ ಲೆಕ್ಕ ಬ್ಯಾಡ, ಸಿಡಿ ಒಂದಕ್ಕೆ ಕೊಡು ಸಾಕು.”

ಸ್ವಾತಿ ಹಳೆಯದರಿಂದ ಶುರುಮಾಡಿದಳು. ಒಂದು ಫೋಟೋ ತಲೆಯಿಂದ ಕಾಲಿನವರೆಗೆ ಬಿಚ್ಚಿಕೊಳ್ಳುವಷ್ಟರಲ್ಲಿ ಅದರ ಕಥೆಯನ್ನು ಒಮ್ಮೆ ಮನಸ್ಸಿನಲ್ಲೇ ಹೇಳಿ ಮುಗಿಸಬಹುದಿತ್ತು. ಅವಳು ಹೇಳಿಯೂ ಹೇಳಿದಳು. ಅದಕ್ಕೆ ಇನ್ನಷ್ಟು ತಡವಾಯಿತು. ನಡುವೆ ದಿನಾ ಎರಡು ಗಂಟೆಗೆ ಕರೆಂಟು ಹೋಗುವುದು.

“ನಿಮ್ಮಪ್ಪಾಜಿಗೆ ಹೇಳಮ್ಮ,” ಎಂದ ಶಾಹಿದ ಬೀಸಣಿಗೆ ಬೀಸಿಕೊಳ್ಳುತ್ತ. “ಅವರ ಮಗಳ ಕೆಲಸಕ್ಕಾದ್ರೂ ಒಂದ್ಗಂಟೆ ಬಿಡ್ಲಿ.”

“ನಮ್ಮನೇಲೂ ರಾತ್ರಿ ಹೋಗುತ್ತೆ ಶಾಹಿದಣ್ಣ. ಅಪ್ಪ ಕತ್ತಲಲ್ಲೇ ಊಟ ಮಾಡ್ತಾರೆ.”

ವಾರವಾದರೂ ಸಿಡಿಗೆ ಇಳಿದದ್ದು ಅರವತ್ತನಾಲ್ಕು. ಲಕ್ಷ್ಮೀಕಾಂತ ಸ್ಟುಡಿಯೋದಲ್ಲಿ ಅಚ್ಚು ಹಾಕಿಸುವ ಮಾತು ತೆಗೆದ, ಸ್ಟುಡಿಯೋದವನು ರೇಟು ಹೇಳಿದ ಮೇಲೆ ಆ ಮಾತು ಬಿಟ್ಟ. ಮಲ್ಲಕ್ಕ ದಿನಾ ಸಂಜೆ ಕೇಳುವಳು, “ಅಟ್ಟ ಎಷ್ಟು ಖಾಲಿಯಾತೇ?” ಕೊನೆಗೆ ಮಾರುತೇಶನೇ ಎದೆ ತಟ್ಟಿಕೊಂಡ.

“ನಮ್ಮ ಲ್ಯಾಬಲ್ಲಿ ನೆಟ್ಟು ಗುಂಡು ಹೊಡ್ದಂಗೆ ಓಡ್ತೈತೆ. ಪಾಸ್‌ವರ್ಡ್ ಕೊಡು, ಎರಡೇ ದಿನದಾಗೆ ತರ್ತೀನಿ.”

ಸ್ವಾತಿ ಚೀಟಿಯಲ್ಲಿ ಬರೆದುಕೊಟ್ಟಳು.

ಎರಡು ದಿನವಲ್ಲ, ನಾಲ್ಕು ದಿನಕ್ಕೆ ಅವನು ಖಾರ ಮಂಡಕ್ಕಿಯ ಪೊಟ್ಟಣದ ಜೊತೆ ಸಿಡಿ ಹಿಡಿದು ಬಂದ. ಪೊಟ್ಟಣ ಬಿಚ್ಚಿ ನಡುಮನೆಯಲ್ಲಿ ಹರಡಿದ. “ಮುಗೀತು ಕಣೆ ನಿನ್ನ ಗೋಳು. ತಗಾ.”

“ಒಂಬೈನೂರ ಹನ್ನೆರಡೂ?”

“ಅಷ್ಟೆಲ್ಲ ಯಾಕೆ? ಒಂದೇ ಥರದವೇ ನೂರಾರು ಇದ್ವು, ತೆಗೆದು ಹಾಕಿದೆ. ಈಗ ಸರಿಯಾಗಿ ಇನ್ನೂರು ಅವೆ. ಅವ್ರು ಅಳಿಸಂಗಿಲ್ಲ, ನಾವು ದುಡ್ಡು ಕಟ್ಟಂಗಿಲ್ಲ. ಹೆಂಗೆ?”

ಸ್ವಾತಿಯ ಕೈಯಲ್ಲಿದ್ದ ಮಂಡಕ್ಕಿ ಹಾಗೇ ನಿಂತಿತು. “ತೆಗೆದು ಹಾಕಿದೆ ಅಂದ್ರೆ?”

“ಡಿಲೀಟ್ ಮಾಡಿದೆ.”

ಅವಳು ಚಪ್ಪಲಿ ಮೆಟ್ಟದೆ ಸೈಬರಿಗೆ ಓಡಿದಳು. ಹಿಂದೆಯೇ ಮಾರುತೇಶ. ಪರದೆಯ ಮೇಲೆ ನವಿಲುಗಳಿದ್ದವು, ದೀಪಗಳಿದ್ದವು, ಗೌರಿಹಬ್ಬದ ಬಣ್ಣದ ಕಮಲಗಳು, ಹೊಸವರ್ಷಕ್ಕೆಂದು ಬೀದಿಯ ಹುಡುಗಿಯರು ಹಟ ಮಾಡಿ ಹಾಕಿಸಿಕೊಂಡ ಗುಲಾಬಿ. ಎಳೆ ರಂಗೋಲಿ ಹುಡುಕಿದರೆ ಹನ್ನೊಂದು. ಏಳು ಅಕ್ಕತಂಗಿಯರು ಹೋಗಿದ್ದರು, ಮನೆ ಮರೆತ ಹಾವು ಹೋಗಿತ್ತು.

“ವಾಪಸ್ ಬರಲ್ವಾ ಶಾಹಿದಣ್ಣ?”

ಶಾಹಿದ ಅಲ್ಲಿ ಇಲ್ಲಿ ಒತ್ತಿದ. ತಲೆಯಾಡಿಸಿದ. “ಯಾರಮ್ಮ ಇದನ್ನ ಮಾಡಿದ್ದು?” ಎಂದು ಕೇಳಿ, ಬಾಗಿಲಲ್ಲಿ ನಿಂತಿದ್ದ ಮಾರುತೇಶನ ಮುಖ ನೋಡಿ ಮತ್ತೆ ಪರದೆಯ ಕಡೆ ತಿರುಗಿದ.

ಮನೆಯಲ್ಲಿ ಅವತ್ತು ದೊಡ್ಡ ಜಗಳ. ಅಜ್ಜಿಗೆ ಕೇಳಿಸಬಾರದೆಂದು ಹಿತ್ತಿಲಲ್ಲಿ, ನೀರಿನ ತೊಟ್ಟಿಯ ಹತ್ತಿರ.

“ಎಲ್ಲಾ ಬಿಳಿ ಗೆರೆ! ಸುತ್ತಿ ಸುತ್ತಿ ಬಿಟ್ಟವೆ. ನನಗೆ ಹೆಂಗೆ ಗೊತ್ತಾಗ್ಬೇಕು?” ಎಂದ ಮಾರುತೇಶ.

“ಮೂರು ವರ್ಷ ದಿನಾ ದಾಟ್ಕಂಡು ಹೋಗಿದೀಯ. ಒಂದಿನ ಬಗ್ಗಿ ನೋಡಿದೀಯೇನೋ?” ಎಂದಳು ಸ್ವಾತಿ.

“ಏ, ಬಿಡ್ರಿ,” ಎಂದ ಲಕ್ಷ್ಮೀಕಾಂತ. “ಅವನಿಗೆ ಅನ್ನಾಕೆ ನಾನಾದ್ರೂ ನೋಡಿದ್ರೆ ತಾನೆ. ಬೈಕ್ ತೆಗೆಯೋವಾಗ ತುಳೀಬಾರ್ದು ಅಂತ ಒಂದೇ ಗೊತ್ತು ನನಗೆ.”

ಯಶೋಧಾ ಪಾತ್ರೆ ತೊಳೆಯುತ್ತಿದ್ದಳು. ಬೂದಿ ಹಾಕಿ ತಿಕ್ಕಿದ ತಪ್ಪಲೆಯನ್ನೇ ಮತ್ತೆ ತಿಕ್ಕುತ್ತಿದ್ದಳು.

ಮಲ್ಲಕ್ಕನಿಗೆ ಹೇಳುವವರು ಯಾರು? ಐದು ದಿನ ಎಲ್ಲರೂ ಮುಂದೂಡಿದರು. “ಅಟ್ಟ ಎಷ್ಟು ಖಾಲಿಯಾತೇ?” ಎಂದು ಅವಳು ಕೇಳಿದಾಗಲೆಲ್ಲ ಸ್ವಾತಿ “ಆಗ್ತೈತೆ ಅಜ್ಜಿ” ಎನ್ನುವಳು. ಮಹಾಲಯ ಅಮಾವಾಸ್ಯೆ ಬಂತು. ಹಿರಿಯರಿಗೆ ಎಡೆ ಇಡುವ ದಿನ ಯಾರ ಬಾಗಿಲಲ್ಲೂ ರಂಗೋಲಿ ಇರುವುದಿಲ್ಲ. ಎರಡು ತಿಂಗಳಲ್ಲಿ ಮೊದಲ ಸಲ ಅವರ ಅಂಗಳ ಎಲ್ಲರ ಅಂಗಳದಂತೆ ಕಂಡಿತು. ಎಡೆಗೆ ಮಾಡಿದ ವಡೆ, ಪಾಯಸ ಮಲ್ಲಕ್ಕನ ಬಾಯಿಗಿಡುತ್ತ ಸ್ವಾತಿಗೆ ತಡೆಯಲಾಗಲಿಲ್ಲ.

“ಅಜ್ಜಿ, ಫೋಟೋ ಹೋದ್ವು.”

ಮಲ್ಲಕ್ಕ ಅಗಿಯುವುದನ್ನು ನಿಲ್ಲಿಸಿದಳು. “ಎಷ್ಟು?”

“ಏಳುನೂರ ಹನ್ನೆರಡು. ಎಳೇವೇ ಎಲ್ಲ. ಮೊದಲ ಅರವತ್ತನಾಲ್ಕು ಶಾಹಿದಣ್ಣನ ಸಿಡೀಲಿ ಅವೆ. ಅಣ್ಣನ್ನ ಬೈಬ್ಯಾಡ. ಪಾಸ್‌ವರ್ಡ್ ಕೊಟ್ಟಿದ್ದು ನಾನು.”

ಮಲ್ಲಕ್ಕ ಬೈಯಲಿಲ್ಲ. ಉಳಿದ ಪಾಯಸ ಬೇಡವೆಂದು ಎಡಗೈಯಲ್ಲಿ ತಳ್ಳಿ ಗೋಡೆಯ ಕಡೆ ತಿರುಗಿ ಮಲಗಿದಳು. ಲಕ್ಷ್ಮೀಕಾಂತ ಬಂದು ಕರೆದ, ಮಾರುತೇಶ ಬಂದು ಕಾಲ ಹತ್ತಿರ ಕೂತ, ತಿರುಗಲಿಲ್ಲ. ಸಂಜೆ ಯಶೋಧಾ ಬಿಸಿ ರೊಟ್ಟಿಗೆ ಹುಚ್ಚೆಳ್ಳು ಚಟ್ನಿ ಹಾಕಿಕೊಂಡು ಬಂದಳು.

“ಏಳ್ರಿ ಅತ್ತೆ, ಮಾತ್ರೆ ತಗಳಾದೈತೆ.”

“ಬಾಗ್ಲು ಮುಚ್ಚೋತು ಬಿಡು,” ಎಂದಳು ಮಲ್ಲಕ್ಕ ಗೋಡೆಗೆ. “ಹುಡುಗಿಗೆ ಇನ್ನೇನು ತೋರ್ಸಿ ಕಲಿಸ್ಲಿ?”

ಯಶೋಧಾ ತಟ್ಟೆಯನ್ನು ಮಂಚದ ಪಕ್ಕದ ಸ್ಟೂಲಿನ ಮೇಲಿಟ್ಟು ಹೋದಳು.

ಮಾರನೆಯ ದಿನ ನವರಾತ್ರಿಯ ಮೊದಲ ಬೆಳಗು. ಸ್ವಾತಿಗೆ ಎಚ್ಚರವಾದದ್ದು ಪೊರಕೆಯ ಸದ್ದಿಗೆ. ಸರ್ರು ಸರ್ರು ಎಂಬ ಆ ಸದ್ದು, ಆಮೇಲೆ ನೀರು ಬೀಳುವ ಸದ್ದು, ಇದು ಹುಟ್ಟಿದಾಗಿನಿಂದ ಕೇಳಿದ್ದೇ. ಇದಾದ ಮೇಲೆ ಅಮ್ಮನ ಕಾಲ ಸಪ್ಪಳ ಒಳಗೆ ಬರಬೇಕು. ಬರಲಿಲ್ಲ.

ಹೊದಿಕೆ ಸುತ್ತಿಕೊಂಡು ಹೊರಗೆ ಬಂದಳು. ಬೀದಿ ದೀಪದ ಬೆಳಕಿನಲ್ಲಿ ಯಶೋಧಾ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಾಗಿದ್ದಳು. ಪಕ್ಕದಲ್ಲಿ ಹಿತ್ತಾಳೆ ಡಬ್ಬಿ. ಚುಕ್ಕಿ ಇಟ್ಟಾಗಿತ್ತು, ಅಂಗಳದ ಈ ತುದಿಯಿಂದ ಆ ತುದಿಗೆ. ಈಗ ಎಳೆ ಹೊರಟಿತ್ತು. ಸಣ್ಣಗೆ, ತಡವರಿಸದೆ, ಚುಕ್ಕಿಯ ಪಕ್ಕ ಹಾದು, ತಿರುಗಿ, ತನ್ನನ್ನೇ ತಾನು ದಾಟಿ, ಒಳಗಿನ ಸುತ್ತಿಗೆ ಹೋಗಿ ಮತ್ತೆ ಹೊರಬರುತ್ತಿತ್ತು. ಬೆರಳ ಸಂದಿನಿಂದ ಪುಡಿ ಇಳಿಯುವುದು ಅಜ್ಜಿಯದಕ್ಕಿಂತ ಸ್ವಲ್ಪ ತೆಳ್ಳಗೆ, ಅಷ್ಟೇ ವ್ಯತ್ಯಾಸ.

“ಅಮ್ಮಾ, ಇದು ಬಾಗಿಲಿಲ್ಲದ ಅರಮನೆ!”

“ಸುಮ್ನಿರು, ಮಾತಾಡಿಸ್ಬ್ಯಾಡ. ಲೆಕ್ಕ ತಪ್ತೈತೆ.”

ಅದು ಮೊಬೈಲು ಬಂದ ಮೊದಲ ದಿನ ಅಜ್ಜಿ ಹಾಕಿದ್ದು. ರಾಜನೊಬ್ಬ ಮಗಳಿಗೆಂದು ಏಳು ಸುತ್ತಿನ ಅರಮನೆ ಕಟ್ಟಿಸಿ, ಅವಳನ್ನು ಒಳಗಿಟ್ಟ ಮೇಲೆ, ಬಾಗಿಲಿಡುವುದನ್ನೇ ಮರೆತದ್ದು ನೆನಪಾಗಿ ತಲೆ ಚಚ್ಚಿಕೊಂಡ ಕಥೆ. ಒಂದು ಇರುವೆ ಬಂದು ದಾರಿ ತೋರಿಸುತ್ತದೆ. ಹಾಕಲು ಒಂದು ಗಂಟೆ ಹಿಡಿಯುತ್ತದೆಂದು ಅಜ್ಜಿ ಆಮೇಲೆ ಮತ್ತೆ ಹಾಕಿರಲಿಲ್ಲ.

“ನಿನಗೆ ಹೆಂಗೆ ಬರುತ್ತಮ್ಮ ಇದು?”

ಯಶೋಧಾ ಎಳೆಯನ್ನು ಹೊರಟ ಚುಕ್ಕಿಯ ಹತ್ತಿರಕ್ಕೇ ತಂದು ಕೂಡಿಸಿ, ಸೊಂಟ ಹಿಡಿದುಕೊಂಡು ಎದ್ದಳು.

“ಗುಡ್ಸೋಳಿಗೆ ಗೊತ್ತಿರಲ್ವೇನೇ? ಅವ್ರು ಹಾಕಿದ್ದನ್ನೆಲ್ಲ ಅಳಿಸಿದೋಳು ನಾನು. ಪೊರಕೆ ಹಾಕೋಕೆ ಮುಂಚೆ ಒಂದ್ಸಲ ಸುತ್ತ ಬಂದು ನೋಡ್ಕಂತಿದ್ದೆ. ಎಲ್ಲಿಂದ ಹೊಂಟೈತೆ, ಎಲ್ಲಿ ಸೇರೈತೆ ಅಂತ. ಮಧ್ಯಾಹ್ನ ಅಕ್ಕಿ ಆರಿಸೋವಾಗ ಮೊರದ ಮ್ಯಾಲೆ ಬೆರಳಾಡಿಸಿ ನೋಡ್ತಿದ್ದೆ.”

“ಯಾರಿಗೂ ಹೇಳ್ಲಿಲ್ವಲ್ಲ!”

“ಕೇಳಿದ್ರಾ ಯಾರಾದ್ರೂ?”

ಒಳಗೆ ಸ್ಟೂಲು ಸರಿದ ಸದ್ದಾಯಿತು. ಮಾತು ಕೇಳಿಸಿರಬೇಕು, ಮಲ್ಲಕ್ಕ ಗೋಡೆ ಹಿಡಿದು ಒಂದೊಂದೇ ಹೆಜ್ಜೆ ಇಡುತ್ತ ಬಂದಳು. ಸ್ವಾತಿ ಓಡಿಹೋಗಿ ತೋಳು ಹಿಡಿದು ಜಗುಲಿಯ ಮೇಲೆ ಕೂರಿಸಿದಳು. ಮಲ್ಲಕ್ಕ ಅಂಗಳ ನೋಡಿದಳು. ಎಳೆಯ ಹಿಂದೆಯೇ ಸುತ್ತಿನಿಂದ ಸುತ್ತಿಗೆ ಕಣ್ಣು ಓಡಿಸಿದಳು. ಯಶೋಧಾ ಪುಡಿ ಮೆತ್ತಿದ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ, ಮದುವೆಯಾಗಿ ಬಂದ ಮರುದಿನ ನಿಂತಂತೆ ಕಂಬದ ಪಕ್ಕ ನಿಂತಿದ್ದಳು.

“ಇರುವೆ ಎಲ್ಲಿ?” ಎಂದಳು ಮಲ್ಲಕ್ಕ ಕೊನೆಗೆ. “ಹೊರಗಡೆ ಮೂಲೇಲಿ ಒಂದು ಚುಕ್ಕಿ ಬೀಳ್ಬೇಕು. ಅದೇ ಇರುವೆ. ಬಿಟ್ಟಿದೀಯ.”

“ಬಿಟ್ಟಿಲ್ಲ ಅತ್ತೆ. ಅವತ್ತು ನೀವೇ ಬಿಟ್ಟಿದ್ರಿ.”

“ನಾನಾ? ಐವತ್ತು ವರ್ಷದಿಂದ ಹಾಕ್ತಿದೀನಿ, ನಾನು ಚುಕ್ಕಿ ಬಿಡ್ತೀನಾ?”

“ಬಿಟ್ಟಿದ್ರಿ. ಅವತ್ತು ಕಾಟಪ್ಪನ ಹಸ ಈದಿತ್ತು. ಗಿಣ್ಣದ ಹಾಲು ತಂದು ಬೇಲಿಯಿಂದ್ಲೇ ಕೂಗ್ಕಂಡ. ನೀವು ಡಬ್ಬಿ ಅಲ್ಲೇ ಬಿಟ್ಟು ಎದ್ದು ಹೋದ್ರಿ, ಆಮ್ಯಾಲೆ ಗಿಣ್ಣ ಕಾಯ್ಸೋ ಗಡಿಬಿಡೀಲಿ ಮರೆತ್ರಿ. ಮಾರನೇ ದಿನ ಗುಡ್ಸೋವಾಗ ನಾನು ನೋಡಿದೀನಿ.”

“ನನ್ನ ಬಾಗ್ಲಾಗೆ ನಿಂತ್ಕಂಡು ನನಗೇ ಸುಳ್ಳು ಹೇಳ್ತಾಳೆ ನೋಡ್ಲೇ ಲಕ್ಷ್ಮೀಕಾಂತ!”

ಲಕ್ಷ್ಮೀಕಾಂತ ಹಲ್ಲುಜ್ಜುತ್ತ ಹೊರಗೆ ಬಂದವನು ಅತ್ತ ತಾಯಿಯನ್ನು, ಇತ್ತ ಹೆಂಡತಿಯನ್ನು ನೋಡಿದ. ಆಮೇಲೆ, ಮೊದಲ ಸಲ, ಅಂಗಳವನ್ನು ನೋಡಿದ. ಬಾಯಿ ತೊಳೆದುಕೊಂಡು ಬೈಕಿನ ಕೀಲಿ ತೆಗೆದುಕೊಂಡ. “ಆ ಫೋಟೋ ಶಾಹಿದನ ಹತ್ರ ಐತಲ್ಲ? ನೋಡೇ ಬಿಡಾಣ.” ಬೈಕನ್ನು ರಂಗೋಲಿಗೆ ತಾಗದಂತೆ, ಗೋಡೆಯ ಅಂಚಿಗೆ ಎತ್ತಿ ಎತ್ತಿ ತಳ್ಳಿಕೊಂಡು ಹೋದ.

ಶಾಹಿದ ಅಂಗಡಿ ತೆರೆಯುವ ಹೊತ್ತಾಗಿರಲಿಲ್ಲ. ಲಕ್ಷ್ಮೀಕಾಂತ ಅವನನ್ನು ಮನೆಯಿಂದಲೇ ಎಬ್ಬಿಸಿಕೊಂಡು ಬಂದು ಬಾಗಿಲು ತೆಗೆಸಿದನಂತೆ. ಮುಕ್ಕಾಲು ಗಂಟೆಗೆ ಇಬ್ಬರೂ ಒಂದೇ ಬೈಕಿನಲ್ಲಿ ಬಂದರು, ಶಾಹಿದನ ಕೈಯಲ್ಲಿ ಕಾಗದ. ಅಷ್ಟರಲ್ಲಿ ಹುಲಿಗೆಮ್ಮನೂ ಕಾಟಪ್ಪನೂ ಬೇಲಿಯ ಹತ್ತಿರ ಸೇರಿದ್ದರು.

“ಬರ್ರಿ ಶಾಹಿದಪ್ಪ, ಮ್ಯಾಲೆ ಬರ್ರಿ, ಕುಂತ್ಕಳ್ರಿ,” ಎಂದಳು ಮಲ್ಲಕ್ಕ. “ತೋರ್ಸ್ರಿ ನಮ್ಮ ಸೊಸೇಗೆ.”

ಶಾಹಿದ ಕಾಗದವನ್ನು ಅವಳ ಮೊಣಕಾಲ ಮೇಲೆ ಹರಡಿದ. ಕಪ್ಪುಬಿಳುಪಿನ ಅಚ್ಚು. ಏಳು ಸುತ್ತು, ಒಂದೇ ಎಳೆ. ಮೂಲೆಯಲ್ಲಿ ಏನೂ ಇರಲಿಲ್ಲ. ಫೋಟೋದ ಅಂಚಿನಲ್ಲಿ ಮಾತ್ರ, ಯಾರೂ ಎತ್ತಿಡದೆ ಬಿಟ್ಟ ಹಿತ್ತಾಳೆ ಡಬ್ಬಿ ಕಾಣುತ್ತಿತ್ತು.

ಮಲ್ಲಕ್ಕ ಕಾಗದವನ್ನು ಕಣ್ಣಿಗೆ ಹತ್ತಿರ ಹಿಡಿದಳು, ದೂರ ಹಿಡಿದಳು. ಲಕ್ವ ಹೊಡೆದ ಮೇಲೆ ಅವಳ ಬಾಯಿಯ ಒಂದು ಕಡೆ ಮಾತ್ರ ನಗುತ್ತಿತ್ತು. ಆ ಕಡೆ ನಗಲು ಶುರುಮಾಡಿತು.

“ಅಯ್ಯೋ ನನ್ನ ಶಿವನೆ. ಹಂಗಾದ್ರೆ ಮೂರು ವರ್ಷದಿಂದ ಆ ಹುಡುಗಿ ಅರಮನೆ ಒಳಗೇ ಅವಳೇನೇ ಯಶೋಧಾ?”

“ಅವಳೆ ಅತ್ತೆ.”

“ಇನ್ನೂ ಯಾಕೆ ನಿಂತೀಯ ಮತ್ತೆ? ಇರುವೆ ಇಡು. ಹೊರಗೆ ಬರ್ಲಿ.”

ಯಶೋಧಾ ಡಬ್ಬಿ ಎತ್ತಿಕೊಂಡು ಬಾಗಿ ಚುಕ್ಕಿ ಇಟ್ಟಳು. ಹುಲಿಗೆಮ್ಮ “ಇವತ್ತು ಬಾಗ್ಲು ಬಾಗ್ಲಂಗೆ ಐತೆ” ಎಂದು ಹೇಳಿ ಹೋದಳು. ಮಲ್ಲಕ್ಕ ಹಿಂದಿನ ಸಂಜೆಯ ರೊಟ್ಟಿ ಎಲ್ಲಿ ಎಂದು ಕೇಳಿದಳು. ಹಳಸಲು ಬೇಡ ಎಂದರೆ ಕೇಳಲಿಲ್ಲ, ಹುಚ್ಚೆಳ್ಳು ಚಟ್ನಿ ಹಚ್ಚಿ ಎರಡು ತಿಂದಳು.

ಅಲ್ಲಿಂದ ಮುಂದೆ ಬೆಳಗುಗಳು ಬೇರೆಯಾದವು. ಯಶೋಧಾ ಗುಡಿಸುವಳು, ಯಶೋಧಾಳೇ ಬಿಡಿಸುವಳು. ಮಲ್ಲಕ್ಕ ಜಗುಲಿಯ ಮೇಲೆ ಕೂತು, “ಅಲ್ಲಿ ಎಡಕ್ಕೆ ಹೊಳ್ಳಿಸು, ಎಡಕ್ಕೆ ಅಂದೆ, ಭರಮಸಾಗರದಾಗೆ ಎಡ ಬಲ ಇಲ್ವಾ?” ಎಂದು ಗದರುವಳು. “ಬಲಕ್ಕೇ ಹೋಗೋದು, ಯುಗಾದಿ ಹಿಂದಿನ ವಾರ ಹಾಕಿದ್ರಿ, ಬಲಕ್ಕೇ ಹೋಗಿತ್ತು,” ಎಂದು ಸೊಸೆ ತಿರುಗಿ ಹೇಳುವಳು. ಅರ್ಧಕ್ಕರ್ಧ ಸಲ ಅತ್ತೆ ಗೆಲ್ಲುವಳು. ಸ್ವಾತಿ ಫೋಟೋ ತೆಗೆದು, ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ಕಥೆ ಬರೆಯುವಳು. ಅದರ ಎದುರು ಪುಟದಲ್ಲಿ ಚುಕ್ಕಿ ಇಟ್ಟು ಎಳೆ ಬರೆಯುವ ಶಿಕ್ಷೆ ಮಾರುತೇಶನದು. ಇಂಜಿನಿಯರಿಂಗ್ ಡ್ರಾಯಿಂಗಿನಲ್ಲಿ ಪಾಸಾದವನು ಮೊದಲ ದಿನ ಆರು ಹಾಳೆ ಹರಿದ.

“ಇದೂ ನಿನ್ನೇದೂ ಒಂದೇ ಅಲ್ವಾ ಅಜ್ಜಿ?” ಎಂದು ಒಮ್ಮೆ ಬಾಯಿತಪ್ಪಿ ಕೇಳಿದ.

“ನೀನೂ ನಿಮ್ಮಪ್ಪನೂ ಒಂದೇನಾ? ಮೂಗು ಒಂದೇ ಥರ ಐತೆ ಅಂತ ಒಬ್ಬರನ್ನ ಅಳಿಸಿಬಿಡಾಣ?”

ಅವನು ತಲೆ ತಗ್ಗಿಸಿ ಬರೆದ. ವಾರ ಕಳೆಯುವಷ್ಟರಲ್ಲಿ ಬಸ್ಸಿಗೆ ಹೊರಡುವವನು ಅಂಗಳದಲ್ಲಿ ಒಮ್ಮೆ ನಿಂತು, “ಇದು ಎರಡೆಳೇದು, ಅಲ್ವೇನಮ್ಮ?” ಎಂದು ಕೇಳುವ ಮಟ್ಟಕ್ಕೆ ಬಂದಿದ್ದ.

ಆಯುಧಪೂಜೆಯ ದಿನ ಬಂದು ಹೋಯಿತು. ತಾಣದಲ್ಲಿ ಏನೂ ಆಗಲಿಲ್ಲ, ಇನ್ನೂರು ನವಿಲು ಕಮಲಗಳು ಇದ್ದಲ್ಲೇ ಇದ್ದವು. ಸ್ವಾತಿ ‘ನಾಳೆಯದು ಯಾವುದು’ ಎನ್ನುತ್ತಿದ್ದ ಹೆಣ್ಣುಮಗಳಿಗೆ, ಈಗ ನಮ್ಮ ಅಮ್ಮ ಹಾಕುತ್ತಾರೆ ಎಂದು ಬರೆದಳು. ಶಾಹಿದ ಇನ್ನೊಂದು ತಾಣ ಹುಡುಕಿಟ್ಟಿದ್ದ.

“ಇದು ಫುಲ್ ಫ್ರೀ ಅಮ್ಮ. ಲಿಮಿಟ್ಟೇ ಇಲ್ವಂತೆ.”

ಸ್ವಾತಿ ಅದಕ್ಕೂ ಏರಿಸಿದಳು. ಆದರೆ ಎರಡು ಸಿಡಿಗೂ ಹಾಕಿಸಿದಳು, ಒಂದು ಮನೆಯ ಟ್ರಂಕಿಗೆ, ಇನ್ನೊಂದು ಮತ್ತೋಡಿನ ಸೋದರತ್ತೆಯ ಮನೆಗೆ. ಹುಲಿಗೆಮ್ಮ ನೋಟ್‌ಬುಕ್ಕು ಕೇಳಿ ಒಯ್ದು ನಾಲ್ಕು ದಿನ ಇಟ್ಟುಕೊಂಡಳು. ಮೇಗಲ ಬೀದಿಯಲ್ಲಿ ಈಗ ಬೆಳಿಗ್ಗೆ ನಡೆದು ಹೋದರೆ ಮಲ್ಲಕ್ಕನ ಹಾವು ಯಾರ ಬಾಗಿಲಲ್ಲಿ ಸಿಗುತ್ತದೆಂದು ಹೇಳಲು ಬರುತ್ತಿರಲಿಲ್ಲ.

ಎಲ್ಲವೂ ವಾಪಸ್ಸು ಬರಲಿಲ್ಲ. ಏಳು ಅಕ್ಕತಂಗಿಯರನ್ನು ಯಶೋಧಾ ಮೂರು ಸಲ ಹಾಕಲು ನೋಡಿದಳು, ಮೂರು ಸಲವೂ ಆರು ಜನರೇ ಬಂದರು. ಮಲ್ಲಕ್ಕನಿಗೂ ಏಳನೆಯವಳ ದಾರಿ ನೆನಪಾಗಲಿಲ್ಲ, ಬೆರಳು ಗಾಳಿಯಲ್ಲಿ ಆಡಿಸಿದರೆ ಸಿಗುತ್ತಿತ್ತೇನೋ, ಬೆರಳು ಆಡುತ್ತಿರಲಿಲ್ಲ. “ಕೈ ಬರ್ಲಿ ತಡಿ, ಅವಳೂ ಬರ್ತಾಳೆ,” ಎನ್ನುವಳು. ಕಾರ್ತಿಕದ ಹೊತ್ತಿಗೆ ಹೆಬ್ಬೆರಳು ತೋರುಬೆರಳು ಒಂದಕ್ಕೊಂದು ತಾಗಿದವು. ಪುಡಿ ನಿಲ್ಲುತ್ತಿರಲಿಲ್ಲ, ಆದರೆ ತಾಗಿದವು.

ದೀಪಾವಳಿಗೆ ಯಶೋಧಾ ದೊಡ್ಡದೊಂದು ಹಾಕಿದಳು. ಅತ್ತೆಯ ಎಳೆ ನಡುವೆ, ಅಂಚಿಗೆ ಸುತ್ತಲೂ ಭರಮಸಾಗರದ ಬಳ್ಳಿ. ಮಲ್ಲಕ್ಕ ಬಳ್ಳಿ ನೋಡಿ ಮೂಗೆಳೆದಳು, ಅಳಿಸು ಎನ್ನಲಿಲ್ಲ.

ಹಬ್ಬದ ಮಾರನೆಯ ಬೆಳಿಗ್ಗೆ ಇನ್ನೂ ಮಸುಕಿರುವಾಗ ಸ್ವಾತಿಯ ಹೊದಿಕೆ ಯಾರೋ ಎಳೆದರು. ಅಮ್ಮ ನಿಂತಿದ್ದಳು. ಒಂದು ಕೈಯಲ್ಲಿ ರಂಗೋಲಿ ಡಬ್ಬಿ, ಇನ್ನೊಂದರಲ್ಲಿ ಕಡ್ಡಿ ಪೊರಕೆ. ಪೊರಕೆಯನ್ನು ಮಗಳ ಕಡೆ ಚಾಚಿದಳು.

“ನಾನಾ?”

“ಬಿಡ್ಸೋಳು ಗುಡ್ಸಂಗಿಲ್ಲ ಈ ಮನೇಲಿ. ಏಳು.”

ಸ್ವಾತಿ ಕಣ್ಣುಜ್ಜಿಕೊಳ್ಳುತ್ತ ಅಂಗಳಕ್ಕಿಳಿದಳು. ನಿನ್ನೆಯ ರಂಗೋಲಿಯ ಮೇಲೆ ಪಟಾಕಿಯ ಕಾಗದದ ಚೂರುಗಳು ಬಿದ್ದಿದ್ದವು, ಹಣತೆಗಳ ಎಣ್ಣೆ ಅಲ್ಲಲ್ಲಿ ಇಂಗಿತ್ತು. ಅವಳು ಪೊರಕೆ ಎತ್ತಿದಳು.

“ಏ, ತಡಿಯೇ!” ಜಗುಲಿಯಿಂದ ಅಜ್ಜಿಯೂ ಬಾಗಿಲಿಂದ ಅಮ್ಮನೂ ಒಟ್ಟಿಗೇ ಕೂಗಿದರು. “ನೋಡ್ಕಂಡು ಗುಡ್ಸು.”

ಸ್ವಾತಿ ಪೊರಕೆ ಇಳಿಸಿದಳು. ಎಳೆ ಎಲ್ಲಿಂದ ಹೊರಟಿದೆಯೆಂದು ಹುಡುಕುತ್ತ, ಅಂಗಳದ ಸುತ್ತ ನಿಧಾನವಾಗಿ ನಡೆಯತೊಡಗಿದಳು.